ನೆರೆ ಪರಿಹಾರಕ್ಕೊಂದು ಕಥಾಸಂಕಲನ: ತರುವ ಬಗೆ, ಮಾರುವ ಬಗೆ, ಲೆಕ್ಕ ಒಪ್ಪಿಸುವ ಬಗೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದಾಗ, ಮೊದಲ ಕೆಲವು ವಾರ ರೊಟ್ಟಿ, ಅಕ್ಕಿ, ಚಾದರ, ಬಟ್ಟೆ ಹೊತ್ತ ವಾಹನಗಳು ನಾಡಿನ ಮೂಲೆಮೂಲೆಗಳಿಂದ ಅತ್ತ ಹೊರಟವು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ವಾಹನಗಳು ನಿಂತವು, ಪತ್ರಿಕೆಗಳ ಮುಖಪುಟದಲ್ಲಿ ಬೇರೆ ಸುದ್ದಿ ಬಂತು. ಮನೆ ಕಳೆದುಕೊಂಡ ಅನೇಕರು ಮಾತ್ರ ತಗಡಿನ ಶೆಡ್ಡುಗಳಲ್ಲೇ ಇದ್ದರು. ಅದರ ಹಿಂದಿನ ವರ್ಷ ಕೊಡಗಿನಲ್ಲಿ ಗುಡ್ಡ ಜರಿದಾಗಲೂ ಹೀಗೇ ಆಗಿತ್ತು. ಕಥೆಗಾರರು ಸೇರಿ ಸಂಕಲನವೊಂದನ್ನು ತಂದು ಅದರ ಹಣವನ್ನು ಸಂತ್ರಸ್ತರಿಗೆ ಕೊಡಬೇಕೆಂದು ಹೊರಟರೆ ಆ ಹಣ ಕೈಗೆ ಬರುವುದು ಹೆಚ್ಚುಕಡಿಮೆ ಈ ಎರಡನೆಯ ಕಾಲದಲ್ಲಿ. ಇದನ್ನು ಮೊದಲೇ ಒಪ್ಪಿಕೊಂಡು ಕೆಲಸ ಶುರುಮಾಡಿದವರಿಗೆ ಮುಂದಿನ ತೀರ್ಮಾನಗಳೆಲ್ಲ ಸುಲಭವಾಗುತ್ತವೆ. ಒಪ್ಪದವರು ಪುಸ್ತಕ ಬರುವ ಮೊದಲೇ ಸುಸ್ತಾಗುತ್ತಾರೆ.

ನಮ್ಮ ನಾಟಕ ಕಂಪನಿಗಳಲ್ಲಿ ಸಹಾಯಾರ್ಥ ಪ್ರದರ್ಶನ ಎಂಬ ಪದ್ಧತಿ ಇತ್ತು. ಒಂದು ರಾತ್ರಿಯ ಆಟದ ಗಲ್ಲಾಪೆಟ್ಟಿಗೆಯನ್ನು ಶಾಲೆಗೋ ಕಷ್ಟದಲ್ಲಿರುವ ಕಲಾವಿದರಿಗೋ ಬಿಟ್ಟುಕೊಟ್ಟರೆ ಬೆಳಗಾಗುವುದರೊಳಗೆ ಲೆಕ್ಕ ಮುಗಿಯುತ್ತಿತ್ತು. ಪುಸ್ತಕದ ಗಲ್ಲಾಪೆಟ್ಟಿಗೆ ಹಾಗಲ್ಲ, ಅದು ತಿಂಗಳುಗಟ್ಟಲೆ ಹನಿಹನಿಯಾಗಿ ತುಂಬುತ್ತದೆ. ಆದ್ದರಿಂದ ‘ಎಲ್ಲರೂ ಮರೆತ ಮೇಲೆ ಬರುವ ಸಣ್ಣ ಮೊತ್ತ’ ಎಂದೇ ಇದನ್ನು ಯೋಜಿಸುವುದು ಒಳ್ಳೆಯದು.

ಬೇಗ ಮಾಡಿದವರ ಉದಾಹರಣೆಗಳೂ ಇವೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದ ಮೇಲೆ ಗ್ರೆಗ್ ಮೆಕ್ವೀನ್ ಎಂಬ ಲೇಖಕರು ಅಂತರ್ಜಾಲದ ಮೂಲಕ ಕಥೆಗಳಿಗೆ ಕರೆಕೊಟ್ಟರು. ‘100 ಸ್ಟೋರೀಸ್ ಫಾರ್ ಹೈಟಿ’ ಎಂಬ ಸಂಕಲನ ಎರಡು ತಿಂಗಳೊಳಗೆ ಹೊರಬಂದು ಬ್ರಿಟಿಷ್ ರೆಡ್ ಕ್ರಾಸ್‌ಗೆ ಹಣ ಕೂಡಿಸಿತು. ಮರುವರ್ಷ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿ ಬಂದಾಗ, ಅಲ್ಲಿ ನೆಲೆಸಿದ್ದ ಬ್ರಿಟಿಷ್ ಶಿಕ್ಷಕರೊಬ್ಬರು ಟ್ವಿಟರ್‌ನಲ್ಲಿ ಬರಹಗಾರರನ್ನು ಕೂಡಿಸಿ ಸುಮಾರು ಒಂದು ತಿಂಗಳಲ್ಲಿ ‘2:46’ ಎಂಬ ಇ-ಪುಸ್ತಕ ತಂದರು. ಭೂಮಿ ನಡುಗಿದ ಗಳಿಗೆಯೇ, ಅಂದರೆ ಮಧ್ಯಾಹ್ನ 2 ಗಂಟೆ 46 ನಿಮಿಷವೇ, ಅದರ ಹೆಸರು. ಅದರಲ್ಲಿ ಕಟ್ಟುಕಥೆಗಿಂತ ಅನುಭವ ಕಥನವೇ ಹೆಚ್ಚು. ಆದರೆ ನಮಗೆ ಬೇಕಾದ ಪಾಠ ಬೇರೆ: ಮಾರಾಟ ಮಾಡಿದ ಅಮೆಜಾನ್ ಸಂಸ್ಥೆ ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದರಿಂದ ಓದುಗರು ತೆತ್ತ ಹಣ ಪೂರ್ತಿಯಾಗಿ ಜಪಾನಿನ ರೆಡ್ ಕ್ರಾಸ್‌ಗೆ ಹೋಯಿತು. ಕಥೆಗಾರರು ಸಂಭಾವನೆ ಬಿಟ್ಟರೆ ಸಾಲದು, ನಡುವೆ ಕೈಹಾಕುವವರೆಲ್ಲ ಏನಾದರೂ ಬಿಡಬೇಕು. ಅದಕ್ಕೆ ಯಾರಾದರೂ ಬಾಯಿಬಿಟ್ಟು ಕೇಳಬೇಕು.

ಹಣ ಯಾರಿಗೆ ಎಂಬುದು ಮೊದಲು

ಕಥೆಗಳನ್ನು ಕೇಳುವ ಮೊದಲೇ ಹಣ ಯಾರ ಕೈಸೇರಬೇಕು, ಯಾವ ಕೆಲಸಕ್ಕೆ ಎಂಬುದು ತೀರ್ಮಾನವಾಗಿರಬೇಕು. ‘ನೆರೆ ಸಂತ್ರಸ್ತರ ನೆರವಿಗಾಗಿ’ ಎಂದು ಮಾತ್ರ ಹೇಳಿ ಹೊರಟ ಪುಸ್ತಕಕ್ಕೆ ಕೊನೆಯಲ್ಲಿ ಸಂಪಾದಕರ ನಡುವೆಯೇ ಮನಸ್ತಾಪ ತಪ್ಪುವುದಿಲ್ಲ. ದಾರಿಗಳು ಮುಖ್ಯವಾಗಿ ಮೂರು. ಒಂದು, ಮುಖ್ಯಮಂತ್ರಿಗಳ ಪರಿಹಾರ ನಿಧಿ. ಇದು ಸರಳ, ರಸೀದಿ ಸಿಗುತ್ತದೆ. ಆದರೆ ನಿಮ್ಮ ಹಣ ಯಾವ ಊರಿನ ಯಾವ ಕೆಲಸಕ್ಕೆ ಹೋಯಿತೆಂದು ಓದುಗರಿಗೆ ತೋರಿಸಲಾಗದು. ಎರಡು, ಆ ಪ್ರದೇಶದಲ್ಲಿ ಮೊದಲಿನಿಂದಲೂ ದುಡಿಯುತ್ತಿರುವ ನೋಂದಾಯಿತ ಸಂಸ್ಥೆ. ಮೂರು, ಒಂದು ಗೊತ್ತಾದ ಶಾಲೆ, ಗ್ರಂಥಾಲಯ ಅಥವಾ ಅಂಗನವಾಡಿಯ ಗೊತ್ತಾದ ಅಗತ್ಯ.

ಕಥಾಸಂಕಲನಕ್ಕೆ ನಾನು ಮೂರನೆಯದನ್ನೇ ಹೆಚ್ಚು ಒಪ್ಪುತ್ತೇನೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಪ್ರಕಟಿಸಿದ ಪರಿಹಾರವೇ 5 ಲಕ್ಷ ರೂಪಾಯಿ. ಆ ಅಳತೆಯ ಮುಂದೆ ನಮ್ಮ ಪುಸ್ತಕದ ಮೊತ್ತ ಎಷ್ಟು ಚಿಕ್ಕದೆಂದು ಮುಂದೆ ನೋಡುತ್ತೀರಿ. ಮನೆ ಕಟ್ಟಿಸುವ ಮಾತು ಆಡಬಾರದು. ನೀರಿನಲ್ಲಿ ನೆಂದು ಹಾಳಾದ ಶಾಲಾ ಗ್ರಂಥಾಲಯವನ್ನು ಮತ್ತೆ ಕೂಡಿಸುವುದು, ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಕ್ಕಳಿಗೆ ನೋಟ್‌ಬುಕ್ ಒದಗಿಸುವುದು, ಹೊಲಿಗೆ ಯಂತ್ರ ಕಳೆದುಕೊಂಡ ನಾಲ್ವರಿಗೆ ಯಂತ್ರ ಕೊಡಿಸುವುದು, ಇವೆಲ್ಲ ತಡವಾಗಿ ಬಂದರೂ ಹಳಸದ ನೆರವುಗಳು. ಸರ್ಕಾರಿ ಶಾಲೆಗೆ ಕೊಡುವುದಾದರೆ ಮುಖ್ಯ ಶಿಕ್ಷಕರೊಂದಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೂ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎನ್ನುವ ಸಮಿತಿಯೊಂದಿಗೂ, ಮಾತನಾಡಿ ಅವರಿಗೆ ಏನು ಬೇಕೆಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಅವರಿಗೆ ಕಪಾಟು ಬೇಕಿರುವಾಗ ನೀವು ವಿಶ್ವಕೋಶ ಕೊಂಡೊಯ್ದರೆ ಅದನ್ನು ಇಡಲು ಜಾಗವಿರುವುದಿಲ್ಲ.

ಗಡಿಯಾಚೆಯ ಅನಾಹುತವಾದರೂ ಹೀಗೆಯೇ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದಾಗ ಅಲ್ಲಿ ದುಡಿಯಲು ಹೋಗಿದ್ದ ಚಾಮರಾಜನಗರ, ಮಂಡ್ಯ ಕಡೆಯವರೂ ಸತ್ತರು. ಅಂಥ ಕುಟುಂಬಗಳಿಗೆ ನೆರವಾಗಬೇಕೆಂದಿದ್ದರೆ ಕೇರಳದ ನಿಧಿಗೆ ಕೊಡುವುದೋ ಇತ್ತಲಿನ ಊರಿನಲ್ಲಿ ಉಳಿದ ಮನೆಯವರಿಗೆ ತಲುಪಿಸುವುದೋ ಎಂಬುದನ್ನು ಮುಖಪುಟ ಮಾಡಿಸುವ ಮುನ್ನವೇ ಹೇಳಬೇಕು.

ಒಂದು ಪ್ರತಿಯಲ್ಲಿ ಎಷ್ಟು ಉಳಿಯುತ್ತದೆ

ಲೆಕ್ಕವನ್ನು ಕಾಗದದ ಮೇಲೆ ಹಾಕಿ. ಇಲ್ಲಿ ನಾನು ಕೊಡುವ ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು. ನಿಮ್ಮ ಊರಿನ ಮುದ್ರಣಾಲಯದ ದರ ಹಾಕಿ ತಿದ್ದಿಕೊಳ್ಳಿ. 128 ಪುಟಗಳ ಪುಸ್ತಕ, 500 ಪ್ರತಿ, ಪ್ರತಿಗೆ ಅಚ್ಚಿನ ಖರ್ಚು 80 ರೂಪಾಯಿ ಎಂದರೆ ಒಟ್ಟು 40,000 ರೂಪಾಯಿ. ಮುಖಬೆಲೆ 200 ರೂಪಾಯಿ. ಲೇಖಕರಿಗೆ, ಕಾನೂನಿನಂತೆ ಗ್ರಂಥಾಲಯಗಳಿಗೆ, ಪತ್ರಿಕೆಗಳ ವಿಮರ್ಶೆಗೆ ಎಂದು 40 ಪ್ರತಿ ಹೋಯಿತೆನ್ನಿ. ನೇರವಾಗಿ ಓದುಗರಿಗೆ 300 ಪ್ರತಿ ಮಾರಿದರೆ 60,000 ರೂಪಾಯಿ. ಉಳಿದ 160 ಪ್ರತಿಗಳನ್ನು ಪುಸ್ತಕದ ಅಂಗಡಿಗಳು ಶೇಕಡ 40ರ ರಿಯಾಯಿತಿಯಲ್ಲಿ ತೆಗೆದುಕೊಂಡರೆ ಪ್ರತಿಗೆ 120ರಂತೆ 19,200 ರೂಪಾಯಿ. ಬಂದದ್ದು 79,200, ಅಚ್ಚಿನ ಖರ್ಚು ಕಳೆದರೆ ಉಳಿಯುವುದು 39,200. ಇದೂ ಒಂದು ಪ್ರತಿಯೂ ಉಳಿಯದೆ ಎಲ್ಲವೂ ಮಾರಾಟವಾಗಿ, ಅಂಗಡಿಯವರೆಲ್ಲ ಹಣ ಕೊಟ್ಟು, ಅಂಚೆಯ ಖರ್ಚನ್ನು ಕೊಳ್ಳುವವರೇ ಹೊತ್ತರೆ.

ಈ ಲೆಕ್ಕದಿಂದ ಎರಡು ಮಾತು ತಿಳಿಯುತ್ತವೆ. ಮೊದಲನೆಯದು, ಅಚ್ಚಿನ 40,000ವನ್ನು ಯಾರಾದರೊಬ್ಬ ಉದಾರಿ ಹೊತ್ತರೆ ನೆರವಿನ ಮೊತ್ತ ಒಂದೇ ಏಟಿಗೆ ಇಮ್ಮಡಿಯಾಗುತ್ತದೆ. ಆದ್ದರಿಂದ ಹನ್ನೆರಡನೆಯ ಕಥೆಗಾರರನ್ನು ಹುಡುಕುವುದಕ್ಕಿಂತ ಕಾಗದದ ಖರ್ಚು ಹೊರುವವರನ್ನು ಹುಡುಕುವುದು ಹೆಚ್ಚು ಲಾಭದ ಕೆಲಸ. ಎರಡನೆಯದು ಬಿಡುಗಡೆ ಸಮಾರಂಭದ ವಿಚಾರ. ಸಭಾಂಗಣದ ಬಾಡಿಗೆ, ಹಾರ, ಶಾಲು, ಸ್ಮರಣಿಕೆ, ಅತಿಥಿಗಳ ಪ್ರಯಾಣ, ಉಪ್ಪಿಟ್ಟು, ಕಾಫಿ ಎಂದು ಹೊರಟರೆ 39,200ರಲ್ಲಿ ಅರ್ಧ ಅಲ್ಲೇ ಕರಗುತ್ತದೆ. ಬಿಡುಗಡೆ ಬೇಕೇ ಬೇಕೆನ್ನುವವರು ಯಾವುದಾದರೂ ಕಾಲೇಜಿನ ಕನ್ನಡ ವಿಭಾಗವನ್ನೋ ಊರಿನ ಗ್ರಂಥಾಲಯವನ್ನೋ ಕೇಳಿ ಅಲ್ಲಿ ಮೂರು ಕಥೆಗಳನ್ನು ಓದಿಸಿ ಮುಗಿಸಬಹುದು.

ಓದುಗರಿಗೆ ಕೊಡುವ ಮಾತಿನ ಪದಗಳನ್ನು ಅಳೆದು ತೂಗಿ ಬರೆಯಬೇಕು. ‘ಲಾಭವನ್ನೆಲ್ಲ ಕೊಡುತ್ತೇವೆ’ ಎಂದರೆ ಲಾಭ ಯಾವುದೆಂದು ನೀವೇ ನಿರ್ಧರಿಸುತ್ತೀರಿ, ಓದುಗರಿಗೆ ಏನೂ ತಿಳಿಯುವುದಿಲ್ಲ. ‘ಮಾರಾಟದ ಪೂರ್ತಿ ಹಣ’ ಎಂದರೆ ಖರ್ಚನ್ನು ಬೇರೆಯವರು ಹೊತ್ತಿರಬೇಕು, ಇಲ್ಲವಾದರೆ ಮಾತು ಸುಳ್ಳಾಗುತ್ತದೆ. ‘ಮಾರಾಟವಾದ ಪ್ರತಿ ಪುಸ್ತಕಕ್ಕೆ 75 ರೂಪಾಯಿ’ ಎಂಬ ಮಾತು ಎಲ್ಲಕ್ಕಿಂತ ಗಟ್ಟಿ. ಮೇಲಿನ ಲೆಕ್ಕದಲ್ಲಿ 460 ಪ್ರತಿಗೆ ಅದು 34,500 ರೂಪಾಯಿಯಾಗುತ್ತದೆ, ಪ್ಯಾಕಿಂಗ್‌ಗೂ ಹಾಳಾದ ಪ್ರತಿಗಳಿಗೂ 4,700 ರೂಪಾಯಿಯ ಅವಕಾಶ ಉಳಿಯುತ್ತದೆ. ಮಾರಾಟ ಅರ್ಧಕ್ಕೇ ನಿಂತರೂ ಎಷ್ಟು ಕೊಡಬೇಕೆಂಬುದು ಸ್ಪಷ್ಟವಿರುತ್ತದೆ, ನಷ್ಟವನ್ನು ನೀವು ಹೊರಬೇಕಾದೀತು ಅಷ್ಟೆ. ಆ ಸಾಲನ್ನು ಬೆನ್ನುಡಿಯ ಕೆಳಗೆ ಅಚ್ಚು ಹಾಕಿಸಿ.

ಒಬ್ಬರೇ ಇರುವವರಿಗೆ

ಗುಂಪು ಕಟ್ಟುವ ಶಕ್ತಿಯಿಲ್ಲದ, ಹಣ ಕೈಯಲ್ಲಿ ಹಿಡಿಯುವ ಧೈರ್ಯವೂ ಇಲ್ಲದ ಕಥೆಗಾರರಿಗೆ ಇನ್ನೊಂದು ಉಪಾಯವಿದೆ, ಮತ್ತು ಅದು ಬಹಳ ಸೊಗಸಾದ ಉಪಾಯ. ಒಂದು ಹೊಸ ಕಥೆಯನ್ನು ಚೆನ್ನಾಗಿ ಪುಟ ಕಟ್ಟಿಸಿ ಪಿಡಿಎಫ್ ಮಾಡಿಟ್ಟುಕೊಳ್ಳಿ. ಓದುಗರು ಪರಿಹಾರ ನಿಧಿಗೋ ನೀವು ಹೆಸರಿಸಿದ ಸಂಸ್ಥೆಗೋ ತಾವೇ ನೇರವಾಗಿ 100 ರೂಪಾಯಿಯೋ ಹೆಚ್ಚೋ ಕಳಿಸಿ ರಸೀದಿಯನ್ನು ನಿಮಗೆ ತೋರಿಸಿದರೆ ನೀವು ಕಥೆಯನ್ನು ಮಿಂಚಂಚೆಯಲ್ಲಿ ಕಳಿಸುತ್ತೀರಿ. ಹಣ ನಿಮ್ಮ ಖಾತೆಯನ್ನು ಮುಟ್ಟುವುದೇ ಇಲ್ಲ. ತೆರಿಗೆ ವಿನಾಯಿತಿಯ ರಸೀದಿಯೂ ಕೊಟ್ಟವರ ಹೆಸರಿಗೇ ಇರುತ್ತದೆ. ಮೊದಲ ವಾರದಲ್ಲೇ ಹಣ ತಲುಪುತ್ತದೆ. ಯಾರೋ ಒಬ್ಬಿಬ್ಬರು ಹಳೆಯ ರಸೀದಿ ಕಳಿಸಿ ಕಥೆ ಪಡೆದಾರು, ಪಡೆಯಲಿ ಬಿಡಿ. ರಸೀದಿಯಲ್ಲಿರುವ ಪ್ಯಾನ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ಮುಚ್ಚಿ ಕಳಿಸುವಂತೆ ಮೊದಲೇ ತಿಳಿಸಿ, ಬಂದ ಚಿತ್ರಗಳನ್ನು ಮೊತ್ತ ಬರೆದುಕೊಂಡು ಅಳಿಸಿಬಿಡಿ.

ಎಂಥ ಕಥೆಗಳು

ಸಂಕಲನ ತರುವವರಲ್ಲಿ ಬಹುತೇಕರು ಎಡವುವುದು ಇಲ್ಲಿ. ನೆರೆ ಬಂದಿದೆ, ಆದ್ದರಿಂದ ಕಥೆಗಳೆಲ್ಲ ನೆರೆಯ ಬಗ್ಗೆಯೇ ಇರಬೇಕೆಂದು ಕರೆಕೊಡುತ್ತಾರೆ. ಹತ್ತು ದಿನದಲ್ಲಿ, ಟೀವಿಯಲ್ಲಿ ಕಂಡ ದೃಶ್ಯಗಳನ್ನು ಆಧರಿಸಿ, ಆ ಹೊಳೆಯ ದಂಡೆಯಲ್ಲಿ ಒಂದು ದಿನವೂ ಇರದವರು ಬರೆದ ಕಥೆಗಳು ಬಂದು ಬೀಳುತ್ತವೆ. ಪ್ರತಿಯೊಂದರಲ್ಲೂ ಒಬ್ಬ ಮುದುಕಿ, ಒಂದು ಹಸು, ತೇಲಿಹೋದ ಒಂದು ತೊಟ್ಟಿಲು. ಕರುಣೆ ಉಕ್ಕಿಸಲೆಂದೇ ಬರೆದದ್ದು ಹನ್ನೆರಡು ಕಥೆ ಸಾಲಾಗಿ ಓದಿದಾಗ ಕರುಣೆಯನ್ನೇ ಕೊಲ್ಲುತ್ತದೆ. ಅದಕ್ಕಿಂತ ವಿಷಯವನ್ನು ಬಿಟ್ಟುಕೊಟ್ಟು ಒಳ್ಳೆಯ ಕಥೆ ಕೇಳಿ: ಮದುವೆ ಮನೆಯ ಜಗಳ, ಬಸ್ಸಿನ ಕಂಡಕ್ಟರನ ಒಂದು ದಿನ, ನಗೆಗಥೆ, ಪತ್ತೇದಾರಿ, ಏನಾದರೂ ಸರಿ. ನೂರಾರು ರೂಪಾಯಿ ಕೊಟ್ಟವರು ಎರಡನೆಯ ಪ್ರತಿ ಕೊಂಡು ನೆಂಟರಿಗೆ ಕೊಡುವುದು ಪುಸ್ತಕ ಓದಿಸಿಕೊಂಡು ಹೋದರೆ ಮಾತ್ರ. ದಾನದ ನೆಪದಲ್ಲಿ ಕೆಟ್ಟ ಕಥೆ ಹಾಕುವ ಸಂಪಾದಕರಿಗೆ ಮುಂದಿನ ಬಾರಿ ಓದುಗರು ದೇಣಿಗೆಯನ್ನಷ್ಟೇ ಕೊಡುತ್ತಾರೆ, ಪುಸ್ತಕವನ್ನು ಬಿಚ್ಚುವುದಿಲ್ಲ.

ನೆರೆ ಕಂಡ ಊರಿನ ಬರಹಗಾರರನ್ನು ಖಂಡಿತ ಕೇಳಿ. ಆದರೆ ಅವರು ತಮ್ಮ ನಷ್ಟವನ್ನೇ ಬರೆದುಕೊಡಬೇಕೆಂದು ಒತ್ತಾಯಿಸಬಾರದು. ಉಳಿದವರು ಪುಕ್ಕಟೆ ಬರೆದರೂ ಅವರಿಗೆ ಸಂಭಾವನೆ ಕೊಡುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಮನೆಯ ಗೋಡೆ ಇನ್ನೂ ಒಣಗದಿರುವವರಿಂದ ಉಚಿತ ದುಡಿಮೆ ಕೇಳಿ ಅವರದೇ ಊರಿಗೆ ದಾನ ಕೊಡುವುದು ವಿಚಿತ್ರ ವ್ಯವಹಾರ. ನಿಜವಾದ ಘಟನೆಯನ್ನು ಆಧರಿಸಿದ ಕಥೆ ಬಂದರೆ ಊರು, ಹೆಸರು, ಜಾತಿ, ಸಂಬಂಧಗಳ ಗುರುತು ಸಿಗದಂತೆ ಬದಲಿಸಲಾಗಿದೆಯೇ ಎಂದು ಕಥೆಗಾರರನ್ನೇ ಕೇಳಿ. ಪರಿಹಾರದ ಪಟ್ಟಿಯಲ್ಲಿ ಹೆಸರಿರುವ ಕುಟುಂಬವೊಂದರ ಒಳಜಗಳ ಕಥೆಯಾಗಿ ಅಚ್ಚಾದರೆ ಅವರಿಗಾಗುವ ತೊಂದರೆ ನಿಮ್ಮ ನೆರವಿಗಿಂತ ದೊಡ್ಡದಾದೀತು. ಮುಖಪುಟಕ್ಕೂ ಇದೇ ಎಚ್ಚರ ಬೇಕು. ಎದೆಮಟ್ಟದ ನೀರಿನಲ್ಲಿ ಅಳುತ್ತ ನಿಂತವರ ಛಾಯಾಚಿತ್ರ ಬೇಡ. ಚಿತ್ರಕಾರರೊಬ್ಬರಿಂದ ರೇಖಾಚಿತ್ರ ಬರೆಸಿ.

ಕಥೆಗೆ ಪದಮಿತಿ ಇರಲಿ. ತಲಾ 2,000 ಪದಗಳಂತೆ 12 ಕಥೆ ಎಂದರೆ 24,000 ಪದ. ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಆಕಾರದಲ್ಲಿ ಓದಲು ಹಿತವಾಗುವ ಅಕ್ಷರದ ಅಳತೆ ಇಟ್ಟುಕೊಂಡರೆ ಪುಟಕ್ಕೆ 220 ಪದದ ಸುಮಾರು ಹಿಡಿಸುತ್ತದೆ, ಸುಮಾರು 110 ಪುಟ ಆಗುತ್ತದೆ. ಶೀರ್ಷಿಕೆ ಪುಟ, ಅರಿಕೆ, ಪರಿವಿಡಿ, ಲೇಖಕರ ಪರಿಚಯ ಸೇರಿದರೆ 128 ಪುಟ, ಅಂದರೆ 16 ಪುಟದ 8 ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿಗೆ ಫಾರಂ ಎನ್ನುತ್ತಾರೆ). ಒಬ್ಬ ಹಿರಿಯರ ಕಥೆ 6,000 ಪದವಿದ್ದರೂ ಹಾಕಲೇಬೇಕೆಂಬ ದಾಕ್ಷಿಣ್ಯಕ್ಕೆ ಬಿದ್ದರೆ ಫಾರಂ ಹೆಚ್ಚುತ್ತದೆ, ಫಾರಂ ಹೆಚ್ಚಿದಷ್ಟೂ ನೆರವಿನ ಹಣ ಕಡಿಮೆಯಾಗುತ್ತದೆ. ಆಯ್ಕೆಗೆ ಮೂವರಿರಲಿ, ಅವರ ಕಥೆಗಳು ಸಂಕಲನದಲ್ಲಿ ಬೇಡ. ತಿರಸ್ಕರಿಸಿದ ಕಥೆಗೆ ಪತ್ರ ಬರೆಯುವಾಗ ‘ದಾನವಾಗಿ ಕೊಟ್ಟದ್ದನ್ನೂ ತಿರಸ್ಕರಿಸಿದರು’ ಎಂಬ ನೋವು ಆಗದಂತೆ ಬರೆಯುವುದು ಒಂದು ಕಲೆ. ಮೊದಲ ಕರೆಯಲ್ಲೇ ‘12 ಕಥೆಗಳಿಗೆ ಮಾತ್ರ ಸ್ಥಳವಿದೆ’ ಎಂದು ಹೇಳಿಬಿಟ್ಟರೆ ಆ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಅನುಮತಿ ಬರಹದಲ್ಲಿ ಇರಲಿ

‘ಒಳ್ಳೆಯ ಕೆಲಸ ತಾನೆ, ಫೋನಿನಲ್ಲಿ ಹೇಳಿದರೆ ಸಾಕು’ ಎನ್ನುವವರು ಬಹಳ. ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ವಹಿಸಿಕೊಡುವ ಪತ್ರ ಬರಹದಲ್ಲಿರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದು ಅದರಲ್ಲಿ ಕಾಣಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಕಾನೂನು ತಾನೇ ಓದಿಕೊಳ್ಳುತ್ತದೆ. ಅಮೆರಿಕದ ಕನ್ನಡ ಕೂಟಗಳಲ್ಲೂ ಇ-ಪುಸ್ತಕ ಮಾರಬೇಕೆಂದಿರುವವರಿಗೆ ಈ ಎರಡನೆಯ ಅಂಶವೇ ತೊಡಕಾದೀತು. ಲೇಖಕರಿಂದ ಹಕ್ಕನ್ನು ಪೂರ್ತಿ ಬರೆಸಿಕೊಳ್ಳುವ ಅಗತ್ಯವೂ ಇಲ್ಲ, ಅದು ಸರಿಯೂ ಅಲ್ಲ. ಈ ಮಾದರಿ ಸಾಕಾಗುತ್ತದೆ:

‘ನಾನು ಬರೆದ ........ ಎಂಬ ಕಥೆಯನ್ನು ........ ಸಂಕಲನದಲ್ಲಿ, ಕನ್ನಡದಲ್ಲಿ, ಮುದ್ರಿತ ಪುಸ್ತಕವಾಗಿಯೂ ಇ-ಪುಸ್ತಕವಾಗಿಯೂ ಪ್ರಕಟಿಸಿ ಮಾರಲು ಈ ದಿನದಿಂದ 3 ವರ್ಷಗಳ ಕಾಲ, ಭಾರತದಲ್ಲೂ ಹೊರದೇಶಗಳಲ್ಲೂ ಅನ್ವಯವಾಗುವಂತೆ ಅನುಮತಿ ಕೊಟ್ಟಿದ್ದೇನೆ. ಕಥೆಯ ಕೃತಿಸ್ವಾಮ್ಯ ನನ್ನಲ್ಲೇ ಇರುತ್ತದೆ. ಇದೇ ಅವಧಿಯಲ್ಲಿ ಕಥೆಯನ್ನು ಬೇರೆಡೆ ಪ್ರಕಟಿಸಲು ನಾನು ಸ್ವತಂತ್ರ. ಅನುವಾದ, ಧ್ವನಿಪುಸ್ತಕ, ನಾಟಕ, ಚಲನಚಿತ್ರಗಳ ಹಕ್ಕು ಇದರಲ್ಲಿ ಸೇರಿಲ್ಲ. ಇದಕ್ಕಾಗಿ ನಾನು ಸಂಭಾವನೆ ಪಡೆಯುವುದಿಲ್ಲ. ಮಾರಾಟವಾದ ಪ್ರತಿ ಪುಸ್ತಕಕ್ಕೆ ........ ರೂಪಾಯಿಯಂತೆ ........ ಗೆ ಕೊಡಲಾಗುವುದೆಂಬ ಷರತ್ತಿನ ಮೇಲೆ ಈ ಅನುಮತಿ. ಕಥೆ ನನ್ನ ಸ್ವಂತ ರಚನೆ.’

ಕೆಳಗೆ ಸಹಿ, ದಿನಾಂಕ. ಮೊದಲು ಪತ್ರಿಕೆಯಲ್ಲಿ ಬಂದ ಕಥೆಯಾದರೆ ಆ ಪತ್ರಿಕೆಯೊಂದಿಗೆ ಏನು ಒಪ್ಪಂದವಿತ್ತೆಂದು ಲೇಖಕರನ್ನು ಕೇಳಿ, ಪತ್ರಿಕೆಯ ಹೆಸರು ಮತ್ತು ವರ್ಷವನ್ನು ಪುಸ್ತಕದಲ್ಲಿ ನಮೂದಿಸಿ. ಅನುವಾದಿತ ಕಥೆಗೆ ಮೂಲ ಲೇಖಕರದ್ದೂ ಅನುವಾದಕರದ್ದೂ ಎರಡು ಪತ್ರ ಬೇಕು. ತೀರಿಹೋದ ಕಥೆಗಾರರ ಕಥೆ ಸೇರಿಸಬೇಕೆಂದರೆ, ಅವರು ತೀರಿದ ನಂತರದ 60 ವರ್ಷ ಹಕ್ಕು ವಾರಸುದಾರರದ್ದು ಎಂಬುದನ್ನು ನೆನಪಿಡಿ. ಮಕ್ಕಳು ಮೂವರಿದ್ದು ಒಬ್ಬರು ಮಾತ್ರ ಸಹಿ ಹಾಕಿದ್ದರೆ ಸುಮ್ಮನೆ ಆ ಕಥೆಯನ್ನು ಬಿಡಿ.

ಅಚ್ಚಿಗೆ ಹೋಗುವ ಮುನ್ನ

ಕಥೆಗಳು ಬರುವ ರೂಪಗಳೇ ಒಂದು ಪ್ರಹಸನ. ಒಬ್ಬರು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿರುತ್ತಾರೆ, ಒಬ್ಬರು ‘ಬರಹ’ ತಂತ್ರಾಂಶದಲ್ಲಿ, ಒಬ್ಬರು ಮೊಬೈಲಿನ ಯೂನಿಕೋಡ್‌ನಲ್ಲಿ, ಇನ್ನೊಬ್ಬರು ಕೈಬರಹದ ಹಾಳೆಗಳನ್ನು ವಾಟ್ಸಾಪ್‌ನಲ್ಲಿ, ಅದೂ ಓರೆಯಾಗಿ, ಕಳಿಸಿರುತ್ತಾರೆ. ಕರೆಯಲ್ಲೇ ‘ಯೂನಿಕೋಡ್‌ನಲ್ಲಿ ಮಾತ್ರ’ ಎಂದು ಬರೆಯಿರಿ, ಆದರೂ ಮೂರ್ನಾಲ್ಕು ಬೇರೆ ರೂಪದಲ್ಲಿ ಬಂದೇ ಬರುತ್ತವೆ. ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡ್‌ಗೂ, ಪುಟ ಕಟ್ಟುವ ಡಿಟಿಪಿಯವರ ಬಳಿ ಮತ್ತೆ ಯೂನಿಕೋಡ್‌ನಿಂದ ನುಡಿಗೂ ಪರಿವರ್ತಿಸುವಾಗ ಅರ್ಕಾವತ್ತು ಸ್ಥಳ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗುತ್ತವೆ. ಆದ್ದರಿಂದ ಕರಡನ್ನು ತಿದ್ದಬೇಕಾದದ್ದು ಪರಿವರ್ತನೆ ಆದ ಮೇಲೆ, ಕಾಗದದ ಮೇಲೆ, ಎರಡು ಬಾರಿ: ಮೊದಲ ಕರಡು ಕಥೆಗಾರರಿಗೆ, ಎರಡನೆಯದು ಕಥೆಯನ್ನು ಮೊದಲು ಓದಿರದ ಒಬ್ಬರಿಗೆ.

ಪ್ರತಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ಸಂಖ್ಯೆ ಬರಲು ಸಮಯ ಹಿಡಿಯುವುದರಿಂದ ಕಥೆಗಳನ್ನು ಕೇಳುವ ದಿನವೇ ಅರ್ಜಿ ಹಾಕಿ. ಆಗಲೇ ಸಂಖ್ಯೆಗಳನ್ನು ಹೊಂದಿರುವ ಪ್ರಕಾಶಕರೊಬ್ಬರು ತಮ್ಮ ಹೆಸರಿನಲ್ಲಿ ಪುಸ್ತಕ ತರಲು ಒಪ್ಪಿದರೆ ಇನ್ನೂ ಒಳ್ಳೆಯದು. ಪುಸ್ತಕ ಪ್ರಕಟವಾದ 30 ದಿನಗಳೊಳಗೆ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗೊತ್ತಾದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಪ್ರಕಾಶಕರ ಖರ್ಚಿನಲ್ಲಿ ಹೋಗಬೇಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. ಎರಡನ್ನೂ ತರುವವರು ಬೆಲೆ ನಿಗದಿ ಮಾಡುವಾಗ ಇದನ್ನು ಮರೆಯಬಾರದು.

ಹಣದ ಖಾತೆ ಯಾರ ಹೆಸರಿನಲ್ಲಿ ಎಂಬುದು ಎಲ್ಲಕ್ಕಿಂತ ಸೂಕ್ಷ್ಮ. ಸಂಪಾದಕರ ಸ್ವಂತ ಖಾತೆಯ ಕ್ಯೂಆರ್ ಕೋಡ್ ಹಂಚಬೇಡಿ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಬಂದ ಹಣ ಅವರ ಆದಾಯದಂತೆ ಕಾಣುತ್ತದೆ, ಮನೆಯ ಹಾಲಿನ ಲೆಕ್ಕದೊಂದಿಗೆ ಬೆರೆಯುತ್ತದೆ. ನೋಂದಾಯಿತ ಪ್ರಕಾಶನ, ಸಂಘ ಅಥವಾ ಟ್ರಸ್ಟಿನ ಪ್ರತ್ಯೇಕ ಖಾತೆ, ಇಬ್ಬರ ಸಹಿ, ಮತ್ತು ಒಬ್ಬ ಆಡಿಟರ್ ಜೊತೆ ಒಂದು ಗಂಟೆಯ ಮಾತು, ಇಷ್ಟು ಬೇಕೇ ಬೇಕು. ಓದುಗರಿಗೂ ಒಂದು ವಿಷಯ ಸ್ಪಷ್ಟವಾಗಿ ಹೇಳಿ: 200 ರೂಪಾಯಿ ಕೊಟ್ಟು ಪುಸ್ತಕ ಕೊಂಡದ್ದು ಖರೀದಿಯೇ ಹೊರತು ದಾನವಲ್ಲ, ಅದಕ್ಕೆ ತೆರಿಗೆ ವಿನಾಯಿತಿಯ ರಸೀದಿ ಸಿಗುವುದಿಲ್ಲ.

ಮಾರುವುದು

ಮೇಲಿನ ಲೆಕ್ಕದಲ್ಲೇ ಕಂಡಂತೆ ನೇರ ಮಾರಾಟದ ಪ್ರತಿಗೂ ಅಂಗಡಿಯ ಪ್ರತಿಗೂ 80 ರೂಪಾಯಿ ವ್ಯತ್ಯಾಸ. ಅಚ್ಚಿಗೆ ಕೊಡುವ ಮೊದಲೇ ಮುಂಗಡ ಬೇಡಿಕೆ ಸಂಗ್ರಹಿಸಿ. ಬೇಡಿಕೆ 220 ಬಂದರೆ 300 ಅಚ್ಚು ಹಾಕಿಸಿ, 500 ಬೇಡ. ಬೇಡಿಕೆಗೆ ತಕ್ಕಷ್ಟೇ ಮುದ್ರಿಸುವ ಡಿಜಿಟಲ್ ಮುದ್ರಣದಲ್ಲಿ ಪ್ರತಿಯ ಖರ್ಚು ಸ್ವಲ್ಪ ಹೆಚ್ಚಾದರೂ ಕಟ್ಟು ಕಟ್ಟಿ ಅಟ್ಟದ ಮೇಲೆ ಇಡುವ ಪ್ರತಿಗಳು ಉಳಿಯುವುದಿಲ್ಲ. ಗೌರವ ಪ್ರತಿ ಲೇಖಕರಿಗೆ ಒಂದೇ ಎಂದು ಮೊದಲೇ ತಿಳಿಸಿ, ಪ್ರತಿ ಲೇಖಕರೂ ತಮ್ಮ ಬಳಗದಲ್ಲಿ 20 ಪ್ರತಿ ಮಾರಿಸಿಕೊಡಬೇಕೆಂದು ಕೇಳಿ. 12 ಜನ 20 ಪ್ರತಿ ಮಾರಿದರೆ 240, ಅದಕ್ಕಿಂತ ದೊಡ್ಡ ಮಾರಾಟ ಜಾಲ ನಮಗೆ ಬೇರೆಲ್ಲೂ ಸಿಗದು. ಅಂಚೆಗೆ, ಪುಸ್ತಕಗಳಿಗೆಂದೇ 2025ರಲ್ಲಿ ಆರಂಭವಾದ ಜ್ಞಾನ ಪೋಸ್ಟ್ ಸೇವೆಯ ನಿಯಮಗಳು ನಿಮ್ಮ ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿ. ಇ-ಪುಸ್ತಕಕ್ಕೆ ಮೈಲ್ಯಾಂಗ್‌ನಂಥ ಕನ್ನಡದ ವೇದಿಕೆಗಳನ್ನು ಸಂಪರ್ಕಿಸುವಾಗ, ಜಪಾನಿನ ಪುಸ್ತಕದವರು ಕೇಳಿದಂತೆ, ತಮ್ಮ ಪಾಲು ಬಿಡಬಲ್ಲರೇ ಎಂದು ಸಂಕೋಚವಿಲ್ಲದೆ ಕೇಳಿ.

ಹೊರದೇಶದ ಕನ್ನಡಿಗರು ಧಾರಾಳಿಗಳು, ಆದರೆ ಅವರಿಂದ ಹಣ ಪಡೆಯುವಲ್ಲಿ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಅಥವಾ ಅಲ್ಲಿನ ಸಂಘಗಳ ದೇಣಿಗೆಯನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆಗಳು ಮಾತ್ರ, ಅದೂ ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯ ಮೂಲಕ, ಪಡೆಯಬಹುದು. 2020ರ ತಿದ್ದುಪಡಿಯ ನಂತರ ಹಾಗೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಪುಸ್ತಕಕ್ಕೆ ತೆರುವ ಬೆಲೆಯ ವಿಚಾರ ಬೇರೆ. ವ್ಯಾಪಾರದ ರೀತಿಯಲ್ಲಿ ಕೊಟ್ಟ ಸರಕಿನ ಬೆಲೆ ದೇಣಿಗೆಯಾಗದು. ಆದ್ದರಿಂದ ಹೊರನಾಡಿನ ಕೂಟವೊಂದು ‘500 ಡಾಲರ್ ಸೇರಿಸಿ ಕಳಿಸುತ್ತೇವೆ’ ಎಂದರೆ ವಂದಿಸಿ, ಅಷ್ಟು ಬೆಲೆಯ ಪುಸ್ತಕ ಕೊಳ್ಳುವಂತೆಯೋ ನೋಂದಣಿ ಇರುವ ಸಂಸ್ಥೆಗೆ ತಾವೇ ನೇರವಾಗಿ ಕೊಡುವಂತೆಯೋ ಹೇಳಿ.

ಲೆಕ್ಕ ಒಪ್ಪಿಸುವುದು

ಮಾರಾಟಕ್ಕೆ ಕೊನೆಯ ದಿನಾಂಕ ಒಂದಿರಲಿ, ಪುಸ್ತಕ ಬಂದು ಆರು ತಿಂಗಳು ಸಾಕು. ಆದರೆ ಹಣವನ್ನು ಆರು ತಿಂಗಳು ಕೂಡಿಟ್ಟುಕೊಳ್ಳಬೇಡಿ. ಮೊದಲ ಕಂತನ್ನು ಎರಡನೆಯ ತಿಂಗಳಲ್ಲೇ ಕೊಟ್ಟು ರಸೀದಿ ಪ್ರಕಟಿಸಿದರೆ ಉಳಿದ ಪ್ರತಿಗಳ ಮಾರಾಟಕ್ಕೂ ಅದು ನೆರವಾಗುತ್ತದೆ. ಲೆಕ್ಕಪತ್ರ ಒಂದು ಪುಟ ಮೀರಬೇಕಿಲ್ಲ. ಎಷ್ಟು ಅಚ್ಚಾಯಿತು, ಎಷ್ಟು ನೇರ ಮಾರಾಟ, ಎಷ್ಟು ಅಂಗಡಿಗೆ ಹೋಯಿತು, ಅದರಲ್ಲಿ ಎಷ್ಟರ ಹಣ ಬಂತು, ಗೌರವ ಪ್ರತಿ ಎಷ್ಟು, ಹಾಳಾದದ್ದೆಷ್ಟು, ಖರ್ಚು ಯಾರು ಹೊತ್ತರು, ಕೊಟ್ಟದ್ದು ಯಾವ ದಿನ ಎಷ್ಟು, ಇವಿಷ್ಟೂ ಇರಲಿ. ಮಾರಾಟವಾದದ್ದು 140 ಪ್ರತಿ ಮಾತ್ರ ಆದರೆ 140 ಎಂದೇ ಬರೆಯಿರಿ. ಇದರ ಪ್ರತಿ ಪ್ರತಿಯೊಬ್ಬ ಕಥೆಗಾರರಿಗೂ ಕಾಗದ ಕೊಟ್ಟವರಿಗೂ ತಲುಪಬೇಕು. ಶಾಲೆಗೆ ಸಾಮಗ್ರಿ ಕೊಟ್ಟಿದ್ದರೆ ಮುಖ್ಯ ಶಿಕ್ಷಕರ ಸಹಿಯ ಸ್ವೀಕೃತಿ ಪತ್ರ ಸಾಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವ ಅಗತ್ಯವಿಲ್ಲ.

ಅಂಗಡಿಗಳಿಂದ ಬರಬೇಕಾದ ಹಣ ಕೊನೆಯ ದಿನಾಂಕದ ನಂತರವೂ ಬರುತ್ತಿರುತ್ತದೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ 360 ರೂಪಾಯಿಯ ಚೆಕ್ ಒಂದು ಬಂದು ಎಲ್ಲರನ್ನೂ ಗಲಿಬಿಲಿಗೊಳಿಸುತ್ತದೆ. ಅದಕ್ಕೂ ಮೊದಲೇ ಒಂದು ಸಾಲು ಬರೆದಿಟ್ಟಿರಿ: ಖಾತೆ ಮುಚ್ಚುವವರೆಗೆ ಬಂದ ಹಣ ಅದೇ ಶಾಲೆಗೆ, ಮುಚ್ಚುವ ದಿನಾಂಕ ಇಂಥದ್ದು, ಮಾರಾಟವಾಗದೆ ಉಳಿದ ಪ್ರತಿಗಳು ಆ ತಾಲೂಕಿನ ಗ್ರಂಥಾಲಯಗಳಿಗೆ. ಅನುಮತಿಯ ಮೂರು ವರ್ಷ ಮುಗಿದ ದಿನ ಇ-ಪುಸ್ತಕವನ್ನು ಮಾರಾಟದಿಂದ ತೆಗೆದು, ಕಥೆಗಾರರಿಗೆ ‘ನಿಮ್ಮ ಕಥೆ ಇನ್ನು ನಿಮ್ಮ ಬಳಿಯೇ’ ಎಂದು ಒಂದು ಕಾರ್ಡು ಬರೆದು ಹಾಕಿ.